ದಾಸೋಹದ ಹಳದಿ ದೀಪ

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಬೆಣ್ಣೆಹಳ್ಳದ ದಂಡೆಯ ಮಠದಲ್ಲಿ, ದಾಸೋಹದ ಅಡುಗೆಮನೆಯ ಬಾಗಿಲ ಮೇಲಿದ್ದ ಹಸಿರು ದೀಪ ಆರಿ ಹಳದಿ ದೀಪ ಹೊತ್ತಿತು. ಗೋಧಿ ಹುಗ್ಗಿ ತಿರುವುತ್ತಿದ್ದವರು ಸೌಟು ಹಿಡಿದು ಇದ್ದಲ್ಲಿಯೇ ನಿಂತರು.

ಅದು 2061ನೆಯ ಇಸವಿ. ದೀಪವಿದ್ದದ್ದು ಬಾಗಿಲಲ್ಲಿ, ಅದಕ್ಕೆ ಸುದ್ದಿ ಕೊಡುವ ಬೆರಳುಗಾತ್ರದ ಡಬ್ಬಿ ಇದ್ದದ್ದು ಅಡುಗೆಯವರ ಶೌಚಾಲಯದ ಕೊಳವೆಯಲ್ಲಿ. ಅದರೊಳಗಿನ ತೆಳು ಪೊರೆ, ವಾಂತಿಭೇದಿ ಹರಡುವ ವೈರಸ್ಸನ್ನು ಮಾತ್ರ ಹಿಡಿದುಕೊಳ್ಳುತ್ತಿತ್ತು. ಹಿಡಿದೊಡನೆ ದೀಪದ ಬಣ್ಣ ಬದಲಾಗುತ್ತಿತ್ತು. ಹಿಂದೆ ಆಸ್ಪತ್ರೆಯ ಹಾಸಿಗೆಗಳು ತುಂಬಿದ ಮೇಲೆಯೇ ಜನಕ್ಕೆ ಈ ರೋಗದ ಸುದ್ದಿ ತಿಳಿಯುತ್ತಿತ್ತು. ದೀಪಗಳು ಬಂದ ಆರು ವರ್ಷಗಳಲ್ಲಿ, ದೇವರ ದಯೆ, ಆ ಜಿಲ್ಲೆಯ ಯಾವ ಪಂಕ್ತಿಯಲ್ಲಿ ಉಂಡ ಮಗುವೂ ಅದರಿಂದ ಸತ್ತಿರಲಿಲ್ಲ.

ಡಬ್ಬಿಯನ್ನು ರೂಪಿಸಿದ ಡಾ. ಅನಸೂಯಾ ಕುಸುಗಲ್ ತಾಲ್ಲೂಕಿನ ಪ್ರಯೋಗಾಲಯದಿಂದ ಅರ್ಧ ಗಂಟೆಯಲ್ಲಿ ಬಂದರು. ಅಡುಗೆಯ ಹನ್ನೊಂದು ಜನ ಸಾಲಾಗಿ ನಿಂತಿದ್ದರು.

"ಎರಡ ಮೂರ ದಿನದಾಗ ಯಾರಿಗರ ವಾಂತಿ, ಭೇದಿ ಆಗೇತೇನ್ರಿ?"

"ನಿಮ್ಮ ಡಬ್ಬಿಗೇ ಹೊಟ್ಟಿ ಕೆಟ್ಟಿರಬೇಕು ತಗೋರಿ ಬಾಯಾರ," ಎಂದ ಮುಖ್ಯ ಅಡುಗೆಯವ ಮಡಿವಾಳಯ್ಯ. "ಅದು ಕೊಳವ್ಯಾಗ ಕುಂತು ದಿನಾ ಕುಡಿಯೂದು ಏನಂತ ನಿಮಗ ಗೊತ್ತೈತಲ್ಲ."

ಎಲ್ಲರೂ ನಕ್ಕರು. ಅನಸೂಯಾ ಅವರೂ ನಕ್ಕರು. ಆದರೆ ಕದಲಲಿಲ್ಲ. "ಅದು ಯಾರ ಹೆಸರೂ ಹೇಳಂಗಿಲ್ಲ. ಬೇಕಂತಽ ನಾನು ಹಂಗ ಮಾಡೀನಿ. ಹೆಸರು ಹೇಳೂ ಡಬ್ಬಿ ಆದ್ರ ನೀವು ಅದನ್ನ ಕಲ್ಲಿಂದ ಜಜ್ಜಿ ಇಡ್ತಿದ್ರಿ. ಹೇಳಿದವರು ಎರಡ ದಿನ ಹೊರಗ ಕೂಡಬೇಕು, ಅಷ್ಟಽ. ಉಳಿದವರು ಎಲ್ಲಾ ತೊಳದು ಅಡಿಗಿ ನಡಸಬಹುದು. ಯಾರೂ ಹೇಳಲಿಲ್ಲ ಅಂದ್ರ ಒಲಿ ಆರಸಬೇಕು."

ಅಂಗಳದಲ್ಲಿ ಆಗಲೇ ಜನ ಸೇರುತ್ತಿದ್ದರು. ಎರಡು ಸಾವಿರ ಮಂದಿ. ಅರ್ಧಕ್ಕರ್ಧ ಶಾಲೆಯ ಮಕ್ಕಳು.

ಸಾಲಿನ ಕೊನೆಯಲ್ಲಿದ್ದವಳು ನೀಲಗಂಗವ್ವ, ಅರವತ್ತನಾಲ್ಕರ ಹೆಂಗಸು. ಅವಳ ನಾಲ್ಕು ವರ್ಷದ ಮಗಳು ವಾಂತಿಭೇದಿಯಾಗಿ ತೀರಿಕೊಂಡದ್ದು ಒಂದು ಶ್ರಾವಣ ಸೋಮವಾರ. ಅಂದಿನಿಂದ ಮೂವತ್ತೈದು ವರ್ಷ, ಒಂದು ಶ್ರಾವಣ ಸೋಮವಾರವನ್ನೂ ತಪ್ಪಿಸದೆ, ಮಕ್ಕಳ ಪಂಕ್ತಿಗೆ ಮೊದಲ ಸೌಟು ಹುಗ್ಗಿಯನ್ನು ತನ್ನ ಕೈಯಿಂದಲೇ ಬಡಿಸಿದ್ದಳು. ಅದು ಅವಳ ನೇಮ. ಮೊನ್ನೆ ಶನಿವಾರ ಅವಳಿಗೆ ಮೂರು ಸಲ ವಾಂತಿಯಾಗಿತ್ತು. ಭಾನುವಾರ ನಿಂತಿತು. ಇಂದು ನಸುಕಿನಲ್ಲಿ ಮಠದ ಶೌಚಾಲಯಕ್ಕೆ ಹೋಗಿ ಬಂದು, ತಲೆಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಬಾಗಿಲ ಬಳಿಯ ಬಾಟಲಿಯಿಂದ ಕೈಗೆ ಸ್ಪಿರಿಟ್ಟನ್ನೂ ಹಚ್ಚಿಕೊಂಡು ಒಳಗೆ ಬಂದಿದ್ದಳು. ಮಡಿಯಾಯಿತು ಎಂದೇ ತಿಳಿದಿದ್ದಳು.

ಯಾರೂ ಮುಂದೆ ಬರದಿದ್ದಾಗ ಮಡಿವಾಳಯ್ಯ ಒಲೆ ಆರಿಸಲು ತಿರುಗಿದ.

"ತಡಿಯೋ ಮಡಿವಾಳ್ಯಾ," ಎಂದಳು ನೀಲಗಂಗವ್ವ. "ನನಗ ಆಗಿತ್ರೀ ಬಾಯಾರ. ಶನಿವಾರ."

ಅನಸೂಯಾ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿ, ತಾವು ನಾಲ್ಕು ಮಾರು ದೂರ ಕುಳಿತರು. ಒಳಗೆ ನೆಲಕ್ಕೆ, ಸೌಟುಗಳಿಗೆ ಬ್ಲೀಚಿಂಗ್ ನೀರು ಬಿತ್ತು.

"ಆರಾಮ ಆಗೀನಲ್ರೀ. ಸ್ಪಿರಿಟ್ ಬ್ಯಾರೆ ಹಚ್ಚೀನಿ."

"ಕೆಲವು ವೈರಸ್ಸಿಗೆ ಮೈಮ್ಯಾಲೆ ಕೊಬ್ಬಿನ ಹೊದಿಕಿ ಇರ್ತೈತಿ ಅವ್ವಾರ. ಸ್ಪಿರಿಟ್ ಅದನ್ನ ಕರಗಿಸಿ ಕೊಲ್ಲತೈತಿ. ಇದಕ್ಕ ಆ ಹೊದಿಕಿನಽ ಇಲ್ಲ. ಸ್ಪಿರಿಟ್ ಅದನ್ನ ಅಷ್ಟು ಸುಲಭ ಕೊಲ್ಲಂಗಿಲ್ಲ. ಸಾಬಾಣ ಹಚ್ಚಿ ತಿಕ್ಕಿ ತೊಳದ್ರ ನೀರಿನ ಜೋಡಿ ಹರದು ಹೋಗತೈತಿ. ಮತ್ತ ವಾಂತಿ ನಿಂತ ಮ್ಯಾಲೂ ಅದು ದಿನಗಟ್ಲೆ ಮೈಯಿಂದ ಹೊರಗ ಬರ್ತಿರತೈತಿ."

ನೀಲಗಂಗವ್ವ ತನ್ನ ಅಂಗೈಗಳನ್ನು ತಿರುವಿ ನೋಡಿಕೊಂಡಳು.

"ಕೂಸು ಹೋಗೂ ಮುಂಚೆ ನನಗೂ ಹಿಂಗಽ ಆಗಿತ್ತು," ಎಂದಳು. "ಮರುದಿನ ಎದ್ದು ಜಳಕಾ ಮಾಡಿ, ಅನ್ನ ಕಲಸಿ ಉಣಿಸಿದ್ನಿ. ನನ್ನ ಕೈಯಿಂದನಽ ಹೋತೇನ್ರಿ?"

ಸುಳ್ಳು ಹೇಳುವುದು ಅನಸೂಯಾ ಅವರಿಗೆ ಸುಲಭವಿತ್ತು; ಹೇಳಲಿಲ್ಲ. "ಗೊತ್ತಿಲ್ಲ ಅವ್ವಾರ. ಯಾರಿಗೂ ಹೇಳಾಕ ಬರಂಗಿಲ್ಲ. ಆಗ ಈ ದೀಪ ಇದ್ದಿಲ್ಲ."

"ದೀಪ ಇದ್ದಿಲ್ಲ, ಖರೆ. ಸಾಬಾಣ ಇತ್ತು. ಮನ್ಯಾಗ ಅತ್ತಿ ಇದ್ಲು. ನನಗ ಆರಾಮಿಲ್ಲ, ಎರಡ ದಿನ ಕೂಸಿಗೆ ನೀವಽ ಉಣಸ್ರಿ ಅಂತ ಒಂದ ಮಾತು ಅನ್ನಲಿಲ್ಲ ನಾನು. ಏನಂದಾಳು ಅಂತ ಅಂಜಿದ್ನಿ."

ಒಳಗಿನಿಂದ ಹರಹರ ಮಹಾದೇವ ಎಂಬ ಘೋಷ ಕೇಳಿಸಿತು. ಮಕ್ಕಳ ಪಂಕ್ತಿ ಕೂರುತ್ತಿತ್ತು. ಮೊದಲ ಸೌಟು ಹುಗ್ಗಿಯನ್ನು ಮಡಿವಾಳಯ್ಯ ಬಡಿಸಿದ. ನೀಲಗಂಗವ್ವ ಕಣ್ಣು ಮುಚ್ಚಿದಳು. ಅವಳ ತುಟಿಗಳು ಮಾತ್ರ ಅಲುಗಾಡುತ್ತಿದ್ದವು.

ತಡವಾಗಿ ಬಂದ ಒಬ್ಬ ಹುಡುಗಿ, ಪ್ರತಿ ವರ್ಷ ಬಡಿಸುವ ಅಜ್ಜಿಯನ್ನು ಕಂಡು ಓಡಿ ಬಂದಳು. "ಅಜ್ಜೀ, ಈ ಸಲ ನೀ ಬಡಸಂಗಿಲ್ಲೇನು?"

"ಅಲ್ಲೇ ನಿಲ್ಲು, ಸನೇಕ ಬರಬ್ಯಾಡ." ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನನಗ ಆರಾಮಿಲ್ಲವ್ವಾ. ಇವತ್ತ ಮುಟ್ಟದಽ ದೂರ ಕೂಡೂದಽ ನನ್ನ ಸೇವಾ. ಕೈ ತೊಳಕೊಂಡಿ?"

"ಹೂಂ."

"ಸಾಬಾಣ ಹಚ್ಚಿ?"

ಹುಡುಗಿ ನಾಲಿಗೆ ಕಚ್ಚಿಕೊಂಡು, ಅಂಗಳದ ಮೂಲೆಯ ನಲ್ಲಿಯ ಕಡೆಗೆ ಹಿಂತಿರುಗಿ ಓಡಿದಳು. ಆ ನಲ್ಲಿಯ ಮೇಲೆ ಯಾವ ದೀಪವೂ ಇರಲಿಲ್ಲ. ಮೂವತ್ತೈದು ವರ್ಷಗಳ ಹಿಂದೆ ಎಲ್ಲ ಊರುಗಳಲ್ಲಿಯೂ ಇದ್ದಂಥದೇ ಸಾಧಾರಣ ನಲ್ಲಿ. ಪಕ್ಕದಲ್ಲಿ ಅರ್ಧ ಸವೆದ ಒಂದು ಸಾಬೂನು.