ಒಂದೂವರೆ ಇಂಚು

“ಗೋಡೆಗೆ ಎಷ್ಟು ಬೇಕಾದ್ರೂ ಮೊಳೆ ಹೊಡ್ಕೊಳ್ಳಮ್ಮ, ನಾನು ಕೇಳೋದಿಲ್ಲ. ಈ ಚೌಕಟ್ಟಿಗೆ ಮಾತ್ರ ಮಗೂನ ನಿಲ್ಲಿಸಿ ತಲೆ ಮೇಲೆ ಗೆರೆ ಎಳೀಬೇಡ.”

ಬೀಗದ ಕೈ ಕೊಡುವಾಗ ಮನೆಯೊಡತಿ ಅಜ್ಜಿ ಹೇಳಿದ್ದು ಇಷ್ಟೇ. ನಾಲ್ಕಡಿಯೂ ಇಲ್ಲದ ಅಜ್ಜಿ, ಮಾತಾಡುವಾಗ ಕತ್ತು ಮೇಲೆತ್ತಿ ಮಾತಾಡುತ್ತಿದ್ದಳು. ಅವಳು ತೋರಿಸಿದ್ದು ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು. ಕಿಟಕಿಯಿಲ್ಲದ ಮೂಲೆ, ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ತಡವರಿಸಿಕೊಂಡೇ ನಡೆಯಬೇಕು. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಚೌಕಟ್ಟಿನ ಮರ ವಯಸ್ಸಾದವರ ಚರ್ಮದ ಹಾಗೆ ಸುಕ್ಕುಗಟ್ಟಿತ್ತು.

ಟೇಲರಮ್ಮ ನಕ್ಕಳು. ಹಳೇ ಬೀದಿಯಲ್ಲೂ ಅವಳಿಗೆ ಅದೇ ಹೆಸರು, ಹೊಸ ಬೀದಿಯಲ್ಲೂ ಅದೇ. ಹದಿನೈದು ವರ್ಷದಿಂದ ಕೊರಳಿಗೆ ಟೇಪು ಹಾಕಿಕೊಂಡು ಕಂಡವರ ತೋಳು ಸೊಂಟ ಅಳೆದವಳು. ಯಾರಾದರೂ ದೆವ್ವ, ಮಾಟ ಎಂದರೆ, ಅದರ ಸುತ್ತಳತೆ ತಂದುಕೊಡಿ, ಒಂದು ಲಂಗ ಹೊಲಿದುಬಿಡ್ತೀನಿ ಎನ್ನುವವಳು. ಟೇಪಿಗೆ ಸಿಕ್ಕದ್ದು ಅವಳ ಪಾಲಿಗೆ ಇಲ್ಲವೇ ಇಲ್ಲ.

ಮಗಳಿಗೆ ಏಳು ವರ್ಷ. ನಿಂತಲ್ಲಿ ನಿಲ್ಲದೆ ಸುತ್ತುವುದರಿಂದ ಎಲ್ಲರಿಗೂ ಬುಗುರಿ. ಬಂದ ಮೂರನೇ ದಿನವೇ ಅವಳನ್ನು ಹಿಡಿದು ಅದೇ ಚೌಕಟ್ಟಿಗೆ ಬೆನ್ನು ಕೊಡಿಸಿ, ತಲೆಯ ಮೇಲೆ ಸ್ಕೇಲಿಟ್ಟು, ಟೇಲರಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಪೆನ್ಸಿಲು ಮರದ ಮೇಲೆ ಕರಕರ ಎನ್ನಲಿಲ್ಲ. ಮೆತ್ತಗೆ, ಸದ್ದಿಲ್ಲದೆ ಒಳಗಿಳಿಯಿತು. ಒಡೆದ ಹಾಲಿನ ವಾಸನೆ ಬಂತು. “ಅಮ್ಮ, ಇದು ಬೆಚ್ಚಗಿದೆ” ಎಂದು ಬುಗುರಿ ಬೆನ್ನು ಕಿತ್ತುಕೊಂಡಳು. ಒಲೆಯ ಪಕ್ಕದ ಮರ ಬೆಚ್ಚಗಿರದೆ ತಣ್ಣಗಿರುತ್ತದೆಯೇ ಎಂದಳು ತಾಯಿ.

ಎಂಟು ದಿನಕ್ಕೆ ಜ್ವರ ಹತ್ತಿತು. ಇಳಿದಾಗ ಬುಗುರಿಯ ಶಾಲೆಯ ಲಂಗ ಮೊಣಕಾಲು ದಾಟಿ ಜೋತಾಡುತ್ತಿತ್ತು. ಮಗು ಸೊರಗಿದೆ, ಸೊಂಟದಲ್ಲಿ ನಿಲ್ಲುತ್ತಿಲ್ಲ ಎಂದುಕೊಂಡು ಟೇಲರಮ್ಮ ಅಂಚನ್ನು ಒಂದೂವರೆ ಇಂಚು ಮಡಚಿ ಹೊಲಿದಳು. ಅದೇ ದಿನ ಅಜ್ಜಿಯ ಮಗ ಪ್ಯಾಂಟು ಹಿಡಿದುಕೊಂಡು ಕೆಳಮನೆಯಿಂದ ಬಂದ. ಮೂವತ್ತೈದರ ಆಸುಪಾಸಿನ ಸಾಧು ಮನುಷ್ಯ; ಎಲ್ಲ ಬಾಗಿಲಿಗೂ ತಲೆ ಬಗ್ಗಿಸಿ ಬರುವಷ್ಟು ಉದ್ದ. ಅಂಚು ಬಿಚ್ಚಿ ಒಂದೂವರೆ ಇಂಚು ಇಳಿಸಬೇಕಿತ್ತು. ಒಗೆದಾಗ ಕುಗ್ಗಿರಬೇಕು ಬಿಡಿ ಎಂದು ಟೇಲರಮ್ಮ ತಮಾಷೆ ಮಾಡಿ ಇಳಿಸಿಕೊಟ್ಟಳು.

ಎರಡನೇ ಜ್ವರ ಬಂತು, ಹೋಯಿತು. ಲಂಗಕ್ಕೆ ಇನ್ನೊಂದು ಮಡಿಕೆ ಬಿತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಎಲುಬು ನೋಡಿದರು. ಎಲ್ಲ ಸರಿಯಿದೆ, ಚೆನ್ನಾಗಿ ಊಟ ಮಾಡಿಸಿ ಎಂದರು. ಊಟ ಮಾಡಿಸಿ ಎಂಬ ಆ ಮಾತೇ ಮನೆಯಲ್ಲಿ ಬೆಂಕಿಯಾಯಿತು. ಅಚ್ಚುಕೂಟದಿಂದ ಶಾಯಿಯ ಕೈಯಲ್ಲೇ ಬರುತ್ತಿದ್ದ ಗಂಡ ಬಾಯಿಬಿಟ್ಟು ಬೈಯಲಿಲ್ಲ. ಹೊಲಿಗೆ ಯಂತ್ರದ ಕಡೆ ಒಮ್ಮೆ ನೋಡಿ ಕೈ ತೊಳೆಯಲು ಹೋಗುತ್ತಿದ್ದ. ಬೈಗುಳವೇ ವಾಸಿಯಿತ್ತು. ನೆರವಿಗೆಂದು ಮಗಳು ಡುಮ್ಮಿಯನ್ನು ಕರೆದುಕೊಂಡು ಬಂದ ನಾದಿನಿ ಮಾತ್ರ ಏನನ್ನೂ ಒಳಗಿಟ್ಟುಕೊಳ್ಳುವವಳಲ್ಲ.

“ಊರಿನೋರ ಬಟ್ಟೆಗೆಲ್ಲ ಅಳತೆ ಗೊತ್ತು ಅತ್ತಿಗೆ ನಿಮಗೆ. ಮನೆ ಮಗೂಗೆ ಎಷ್ಟು ತುತ್ತು ಬೇಕು ಅಂತ ಗೊತ್ತಿಲ್ಲ. ನಮ್ಮ ಡುಮ್ಮೀನ ನೋಡಿ.”

ಎಂಟರ ಡುಮ್ಮಿ ಬಾಯ್ತುಂಬ ಬ್ರೆಡ್ಡು ತುಂಬಿಕೊಂಡು ನಕ್ಕಳು. ಅವಳ ಪಕ್ಕದಲ್ಲಿ ಬುಗುರಿ ನಾಲ್ಕು ವರ್ಷದ ಮಗುವಿನಂತೆ ಕಾಣುತ್ತಿದ್ದಳು. ನಾದಿನಿ ಅವಳನ್ನು ಎರಡು ವಾರ ತನ್ನ ಮನೆಗೆ ಒಯ್ದು ಗಂಟೆಗೊಂದು ತಿನ್ನಿಸಿದಳು. ಡುಮ್ಮಿಯೊಂದಿಗೆ ಅವಳನ್ನು ವಾಪಸು ಕರೆತಂದಾಗ ನಾದಿನಿಯ ಮುಖ ಬಿಳಿಚಿಕೊಂಡಿತ್ತು. ಮಗುವನ್ನು ಟೇಲರಮ್ಮನ ಮಡಿಲಿಗೆ ಇಳಿಸಿ ಒಳಗೆ ಹೋದಳು.

ಟೇಲರಮ್ಮ ಟೇಪು ಬಿಚ್ಚಿದಳು. ನೆತ್ತಿಯಿಂದ ಹಿಮ್ಮಡಿಗೆ. ಮತ್ತೊಮ್ಮೆ. ಕಳಿಸುವಾಗ ಇದ್ದದ್ದಕ್ಕಿಂತ ಎರಡೂಕಾಲು ಇಂಚು ಕಡಿಮೆ.

ಹೊತ್ತು ಇಳಿಯುವ ಮೊದಲು ಅಜ್ಜಿಯ ಮಗ ಪ್ಯಾಂಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಅವನು ಬಾಯಿ ತೆರೆಯುವ ಮುಂಚೆಯೇ ಅವಳ ಬಾಯಿಂದ ಬಂತು: “ಎರಡೂಕಾಲು ಇಂಚು, ಅಲ್ವಾ?”

“ನಿಮಗೆ ಹೇಗೆ ಗೊತ್ತಾಯ್ತು?” ಎಂದ ಅವನು, ಮಗುವಿನ ಹಾಗೆ ಬೆರಗಾಗಿ.

ಅವಳು ಪ್ಯಾಂಟು ಅಲ್ಲೇ ಬಿಟ್ಟು ಕತ್ತರಿ ಹಿಡಿದು ಚೌಕಟ್ಟಿಗೆ ಓಡಿದಳು. ತನ್ನ ಪೆನ್ಸಿಲ್ ಗೆರೆಯನ್ನು ಉಜ್ಜಿದಳು. ಬೆರಳು ಕಪ್ಪಾಯಿತು, ಗೆರೆ ಹಾಗೇ ಇತ್ತು. ಕತ್ತರಿಯ ತುದಿಯಿಂದ ಬಣ್ಣ ಕೆರೆದಳು. ಹಸಿರು ಸಿಪ್ಪೆ ಎದ್ದಿತು, ಅದರಡಿ ನೀಲಿ, ಅದರಡಿ ಮರ. ಮರದ ತುಂಬ ಗೆರೆಗಳು. ಬೇರೆ ಬೇರೆ ಕೈಬರಹ, ಪಕ್ಕದಲ್ಲಿ ತಾರೀಕುಗಳು. ಹಳೆಯ ತಾರೀಕು ಮೇಲಿತ್ತು, ಹೊಸದು ಕೆಳಗೆ. ಅವಳು ಕೆರೆಯುತ್ತ ಕುಕ್ಕರಿಸಿದಳು, ಆಮೇಲೆ ಮಂಡಿಯೂರಿದಳು, ಆಮೇಲೆ ನೆಲಕ್ಕೆ ಕೆನ್ನೆ ಹಚ್ಚಿದಳು. ಕೊನೆಯ ಗೆರೆ ನೆಲದಿಂದ ಒಂದು ಗೇಣು ಮೇಲಿತ್ತು.

ಕೆಳಮನೆಯಲ್ಲಿ ಅಜ್ಜಿ ಮುಚ್ಚುಮರೆ ಮಾಡಲಿಲ್ಲ. ಮಗ ಐದು ವರ್ಷವಾದರೂ ಹುಟ್ಟಿದಷ್ಟೇ ಇದ್ದನಂತೆ. ಒಬ್ಬ ಮಾಟಗಾರ ಬಂದು ಅವನ ಕೂದಲು, ಉಗುರು ಸೇರಿಸಿ ಆ ಮರಕ್ಕೆ ಮೊಳೆ ಹೊಡೆದನಂತೆ. ಅಲ್ಲಿ ಬೆನ್ನು ಕೊಟ್ಟು ಗೆರೆ ಎಳೆಸಿಕೊಂಡವರ ಎತ್ತರ ಇವನಿಗೆ. ಯಾರೂ ನಿಲ್ಲದೆ ಹೋದರೆ ಇವನು ಇಳಿಯುತ್ತಾನೆ. ಹಿಂದೊಮ್ಮೆ ಮನೆ ಖಾಲಿಯಿದ್ದ ಎರಡು ವರ್ಷದಲ್ಲಿ ಮೇಜಿನ ಮಟ್ಟಕ್ಕೆ ಬಂದಿದ್ದನಂತೆ. ಇನ್ನೊಬ್ಬರು ನಿಂತರೆ ಮರ ಹಿಂದಿನವರನ್ನು ಬಿಡುತ್ತದೆ. ಕಳೆದದ್ದು ಬರುವುದಿಲ್ಲ, ಆದರೆ ಮಗು ಮತ್ತೆ ಬೆಳೆಯುತ್ತದೆ.

“ನಾನು ಎಲ್ಲರಿಗೂ ಮೊದಲೇ ಹೇಳ್ತೀನಮ್ಮ. ನಿನಗೂ ಹೇಳಿದ್ದೆ.”

“ಹಾಗಾದ್ರೆ ಮಕ್ಕಳಿರೋರಿಗೇ ಯಾಕಜ್ಜಿ ಬಾಡಿಗೆಗೆ ಕೊಡ್ತೀರಿ?”

ಅಜ್ಜಿ ತನ್ನ ಪುಟ್ಟ ಕೈಗಳನ್ನು ನೋಡಿಕೊಂಡಳು. “ಮೊದಲು ನಾನೇ ನಿಂತೆ. ನಾನೂ ಎತ್ತರದೋಳೇ ಇದ್ದೆ. ಇಷ್ಟಾಗೋ ಹೊತ್ತಿಗೆ ಹೆದರಿಕೆ ಆಯ್ತು.”

ಒಳಕೋಣೆಯಿಂದ ಮಗ, ಅಮ್ಮಾ ಯಾರು ಎಂದು ಕೂಗಿದ. ಯಾರೂ ಇಲ್ಲ ಕಂದ ಎಂದಳು ಅಜ್ಜಿ.

ಮೆಟ್ಟಿಲು ಹತ್ತುವಾಗ ಟೇಲರಮ್ಮನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು. ಡುಮ್ಮಿ. ದಷ್ಟಪುಷ್ಟವಾಗಿದ್ದಾಳೆ. ಒಂದಿಷ್ಟು ಹೋದರೇನು? ಅವಳಮ್ಮನಿಗೂ ತಿಳಿಯಲಿ, ತುತ್ತು ಎಣಿಸುವುದು ಎಂದರೇನು ಎಂದು. ಗಂಡ ಅಚ್ಚುಕೂಟದಲ್ಲಿದ್ದ. ನಾದಿನಿ ಬುಗುರಿಯನ್ನು ಮಲಗಿಸುತ್ತ ಕೋಣೆಯಲ್ಲಿದ್ದಳು.

“ಡುಮ್ಮಿ, ಬಾ ಇಲ್ಲಿ. ನೀನೆಷ್ಟು ಉದ್ದ ಆಗಿದ್ದೀಯ ನೋಡೋಣ.”

ಡುಮ್ಮಿ ಕುಣಿಯುತ್ತ ಬಂದಳು. ಚೌಕಟ್ಟಿಗೆ ಬೆನ್ನು ಕೊಟ್ಟಳು. ಉದ್ದ ಕಾಣಲೆಂದು ಹಿಮ್ಮಡಿ ಎತ್ತಿದಳು. ಒಡೆದ ಹಾಲಿನ ವಾಸನೆ. ಮರ ಮಿಸುಕಿದಂತಾಯಿತು. ಎಲ್ಲೋ ಒಳಗೆ, ಗುಟುಕು ಗುಟುಕಾಗಿ ಏನೋ ನುಂಗುವ ಸದ್ದು. ಟೇಲರಮ್ಮ ಪೆನ್ಸಿಲು ಎತ್ತಿದಳು. ಕೈ ಬಟ್ಟೆ ಅಳೆಯುವಾಗಿನಷ್ಟೇ ನೆಟ್ಟಗಿತ್ತು. ಅದೇ ಅವಳಿಗೆ ಭಯ ಹುಟ್ಟಿಸಿತು. ತುದಿ ಮರಕ್ಕೆ ತಾಗಲು ಕೂದಲೆಳೆಯಷ್ಟು ಬಾಕಿ. ಡುಮ್ಮಿ ಕಣ್ಣೆತ್ತಿ ನೋಡಿದಳು.

“ಅತ್ತೆ, ಬುಗುರಿಗೆ ಹೇಳಬೇಡಿ. ನಾನು ಹಿಮ್ಮಡಿ ಎತ್ತಿದ್ದೀನಿ. ಅವಳಿಗೆ ಬೇಜಾರಾಗುತ್ತೆ.”

ಟೇಲರಮ್ಮ ರಟ್ಟೆ ಹಿಡಿದು ಆ ಹುಡುಗಿಯನ್ನು ಈಚೆ ಎಳೆದಳು. ಎಳೆದ ರಭಸಕ್ಕೆ ಇಬ್ಬರೂ ಬೀಳಬೇಕಿತ್ತು. ಮರ ಬಿಡಲಿಲ್ಲ. ಡುಮ್ಮಿಯ ಫ್ರಾಕು ಬೆನ್ನಿನಲ್ಲಿ ಅಂಟಿತ್ತು. ಇನ್ನೊಮ್ಮೆ ಎಳೆದಳು. ಪರ್ ಎಂದು ಬಟ್ಟೆ ಹರಿಯಿತು. ಹುಡುಗಿ ಬಿಡಿಸಿಕೊಂಡಳು. ಒಳಗೆ ಗುಟುಕಿನ ಸದ್ದು ಜೋರಾಯಿತು. ಕೋಣೆಯಿಂದ ಬುಗುರಿ ನರಳಿದಳು. ಮತ್ತೆ ನರಳಿದಳು. “ಅಣ್ಣಂಗೆ ಹೇಳಿಕಳಿಸಿ ಅತ್ತಿಗೆ, ಮಗು ಕೈಕಾಲು ತಣ್ಣಗಾಗ್ತಿದೆ” ಎಂದು ನಾದಿನಿ ಕೂಗಿದಳು. ಹೊತ್ತಿರಲಿಲ್ಲ. ಯೋಚನೆಯೂ ಇರಲಿಲ್ಲ. ಟೇಲರಮ್ಮ ಸ್ಟೂಲು ಎಳೆದಳು. ಡುಮ್ಮಿಯನ್ನು ಅದರ ಮೇಲೆ ಹತ್ತಿಸಿದಳು. ಪೆನ್ಸಿಲು ಕೊಟ್ಟಳು. ತಿರುಗಿ ನಿಂತಳು. ಬೆನ್ನು ಕೊಟ್ಟಳು.

“ನನ್ನ ತಲೆ ಮೇಲೆ ಎಳಿ ಕಂದ. ಗಟ್ಟಿಯಾಗಿ ಎಳಿ.”

ಬೆನ್ನಿಗೆ ಬಿಸಿಯುಸಿರು ಬಡಿಯಿತು.

ಬುಗುರಿ ಮೂರು ದಿನಕ್ಕೆ ಎದ್ದು ಕುಳಿತಳು. ಹತ್ತು ದಿನಕ್ಕೆ ಮನೆ ತುಂಬ ಸುತ್ತಿದಳು. ವೈದ್ಯರು, ನೋಡಿ, ಊಟ ಸೇರಿತು ಎಂದರು. ನಾದಿನಿ ಮಾತ್ರ, ತನ್ನ ಮಗಳು ಏನು ಹೇಳಿದಳೋ ಏನೋ, ಊರಿಗೆ ಹೊರಡುವ ದಿನ ಅತ್ತಿಗೆಯ ಕಾಲು ಹಿಡಿದುಕೊಂಡು ಎಷ್ಟು ಎಬ್ಬಿಸಿದರೂ ಏಳಲಿಲ್ಲ.

ಒಂದು ವರ್ಷ ಕಳೆಯುವಷ್ಟರಲ್ಲಿ ಟೇಲರಮ್ಮನ ಕಾಲು ಯಂತ್ರದ ಪೆಡಲಿಗೆ ಎಟುಕದಾಯಿತು. ಗಂಡ ಏನೂ ಕೇಳದೆ ಪೆಡಲಿಗೆ ಮರದ ತುಂಡು ಕಟ್ಟಿಕೊಟ್ಟ. ಎರಡು ತಿಂಗಳಿಗೆ ಅದರ ಮೇಲೆ ಇನ್ನೊಂದು. ಕೆಳಗಿನ ಮನೆಯವನು ಈಗ ಹೊಸ ಪ್ಯಾಂಟಿನ ಬಟ್ಟೆಯನ್ನೇ ತರುತ್ತಿದ್ದ. ಅವಳು ಅವನನ್ನು ಅಳೆಯುತ್ತಿರಲಿಲ್ಲ; ತನ್ನನ್ನು ಅಳೆದುಕೊಂಡು ಬಟ್ಟೆ ಕತ್ತರಿಸುತ್ತಿದ್ದಳು. ಎದುರುಮನೆ ಖಾಲಿಯಾಗಿ ಮೂರು ಮಕ್ಕಳ ಸಂಸಾರವೊಂದು ಬಂದಾಗ, ಆ ಮಕ್ಕಳು ಕಣ್ಣಿಗೆ ಬೀಳದಿರಲೆಂದು ಬೀದಿಯ ಕಡೆಯ ಕಿಟಕಿಯನ್ನು ತಾನೇ ಮುಚ್ಚಿ ಚಿಲಕ ಹಾಕಿದಳು. ಚಿಲಕ ಮುಟ್ಟಲು ಕುರ್ಚಿ ಹತ್ತಬೇಕಾಯಿತು.

ಬೆಳಿಗ್ಗೆ ಜಡೆ ಹಾಕುವ ಹೊತ್ತಿಗೆ ಬುಗುರಿ ಬಾಚಣಿಗೆ ತಂದು, ಯಾರೂ ಹೇಳದೆಯೇ ತಾಯಿಯ ಮುಂದೆ ನೆಲಕ್ಕೆ ಮಂಡಿಯೂರಿ ಕೂರುತ್ತಿದ್ದಳು. ಒಂದು ದಿನ ಹಾಗೆ ಕೂತವಳು, ನೆತ್ತಿಗೆ ಅಮ್ಮನ ಕೈ ಎಟುಕುತ್ತಿಲ್ಲವೆಂದು ಇನ್ನಷ್ಟು ಬಗ್ಗಿದಳು.

“ಅಮ್ಮ, ನಾನು ತುಂಬಾ ಬೇಗ ಬೆಳೀತಿದ್ದೀನಿ, ಅಲ್ವಾ?”

“ಹೌದು ಕಣೆ,” ಎಂದಳು ಟೇಲರಮ್ಮ, ತುದಿಗಾಲಲ್ಲಿ ನಿಂತು. “ತುಂಬಾ ಬೇಗ.”