ಬರ್ನಾಬೆ ದೋಣಿಯ ಕೆಂಪು ಎಣ್ಣೆ

"ಬರ್ನಾಬೆ ದೋಣಿ ಮಾರ್ತಿದ್ದಾನಂತೆ ಕಣೇ ಇರುಪೆ! ನಾಳೆ ಬೆಳಿಗ್ಗೆ ಎಂಟಕ್ಕೆ ಗಿರಾಕಿ ಬರ್ತಾನಂತೆ. ಮಾರಿಬಿಟ್ಟು ರೊಸಾರಿಯೊ ಪಟ್ಟಣಕ್ಕೆ, ಅಣ್ಣನ ಮನೆಗೆ ಹೋಗ್ತಾನಂತೆ!"

ಪಕ್ಕದ ಮನೆ ಚೋಲಾ ಅತ್ತೆ ಹುಟ್ಟು ಹಾಕ್ತಾ ಹಾಕ್ತಾನೇ ಕೂಗಿ ಹೇಳಿದ್ಳು. ಇರುಪೆ ಕೈಲಿದ್ದ ಸ್ಪ್ಯಾನರ್ ಟಣ್ ಅಂತ ಕಟ್ಟೆ ಮೇಲೆ ಬಿತ್ತು.

"ಮಾರ್ಲಿ ಬಿಡಿ. ನನಗೇನಂತೆ?"

"ನಿನಗೇನಂತೆ ಅನ್ನೋಳು ಹಾಗ್ಯಾಕೆ ಬಿಳುಚ್ಕೊಂಡೆ?"

ಅತ್ತೆ ನಗ್ತಾ ಮುಂದೆ ಹೋದ್ಳು. ಅವಳ ದೋಣಿ ಎಬ್ಬಿಸಿದ ಅಲೆ ಬಂದು ಕಟ್ಟೆಗೆ ಬಡಿದು ಸುಮ್ಮನಾಯ್ತು. ಆಮೇಲೆ ಮತ್ತೆ ಅದೇ ಮೌನ...

ಕರಪಚಾಯ್ ನದಿ ದಡದಲ್ಲಿ ಇರುಪೆದು ಒಂದು ಸಣ್ಣ ವರ್ಕ್‌ಶಾಪ್. ಅಪ್ಪ ಬಿಟ್ಟು ಹೋಗಿದ್ದು. ದಿನಕ್ಕೆ ಹತ್ತು ಜನ ಬರ್ತಾರೆ, ಇಂಜಿನ್ ಬಗ್ಗೆ ಮಾತಾಡ್ತಾರೆ, ಹೋಗ್ತಾರೆ. ಇಂಜಿನ್ ಬಿಟ್ಟು ಬೇರೆ ಏನಾದ್ರೂ ಮಾತಾಡ್ತಿದ್ದವನು ಬರ್ನಾಬೆ ಒಬ್ಬನೇ! ಟ್ಯಾಕ್ಸಿ ದೋಣಿ ಓಡಿಸ್ತಾನೆ. ಬಂದಾಗೆಲ್ಲ ಕರಿದ ರೊಟ್ಟಿ ತರ್ತಿದ್ದ. "ತಿಂದ್ಯಾ?" ಅಂತ ಕೇಳ್ತಿದ್ದ.

ತಿಂದ್ಯಾ ಅಂತ ಅವಳನ್ನ ಕೇಳೋರು ಬೇರೆ ಯಾರಿದ್ರು ಹೇಳಿ?

ಆದ್ರೆ ಹಾಳಾದ್ದು ಆ ಎಣ್ಣೆ! ದೋಣಿ ಹಿಂದುಗಡೆ ನೀರಿಗಿಳಿದಿರುತ್ತಲ್ಲ, ಪ್ರೊಪೆಲ್ಲರ್ ಇರೋ ಭಾಗ, ಅದಕ್ಕೆ ನಾವೆಲ್ಲ ಕಾಲು ಅಂತೀವಿ. ಅದನ್ನ ಎತ್ತಿ ಇಳಿಸೋದೇ ಕೆಂಪು ಎಣ್ಣೆ. ಮೊದಲನೇ ಸಲ ಪೈಪ್ ನಿಜವಾಗ್ಲೂ ಒಡೆದಿತ್ತು, ಬದಲಾಯಿಸಿದ್ಳು. ವಾರಕ್ಕೇ ಮತ್ತೆ ಸೋರಿಕೆ! ಇನ್ನೊಂದು ಪೈಪ್, ಆಮೇಲೆ ಸೀಲು, ಆಮೇಲೆ ಪಂಪು... ನಾಲ್ಕು ಸಲ ಬಿಚ್ಚಿದ್ರೂ ದೋಣಿ ತಳದಲ್ಲಿ ಅದೇ ಕೆಂಪು ಎಣ್ಣೆ.

ಹೋದ ತಿಂಗಳು ಅವಳು ಅವಮಾನ ತಡೆಯೋಕಾಗದೆ ಕಿರುಚಿಬಿಟ್ಟಿದ್ಳು. "ಈ ದೋಣಿ ತಗೊಂಡು ಇನ್ನೊಂದ್ಸಲ ನನ್ನ ಮುಂದೆ ಬರಬೇಡ!"

ಅವನು ಬರಲೇ ಇಲ್ಲ.

*ಅಯ್ಯೋ, ನಾನು ದೋಣಿಗೆ ಬೈದೆ ಕಣೋ... ನಿನಗಲ್ಲ...*

ಮಧ್ಯಾಹ್ನ ಒಂದು ಇಂಜಿನ್ ಸದ್ದು ಕೇಳಿಸ್ತು. ತಲೆ ಎತ್ತದೇನೇ ಅವಳಿಗೆ ಗೊತ್ತಾಯ್ತು ಯಾರು ಅಂತ.

"ಬರಬೇಡ ಅಂತ ನೀನು ಅಂದಿದ್ದೆ, ಗೊತ್ತು," ಅಂದ ಬರ್ನಾಬೆ. ಕಣ್ಣು ನೀರಿನ ಮೇಲೆ. "ನಾಳೆ ಗಿರಾಕಿ ಬರ್ತಾನೆ. ಮೋಸ ಮಾಡಿ ಮಾರೋಕೆ ಇಷ್ಟ ಇಲ್ಲ. ಎಲ್ಲಿ ಸೋರುತ್ತೆ ಅಂತ ಹೇಳಿಬಿಡು, ಸಾಕು. ಸೋರಿಕೆ ನಿಲ್ಲದಿದ್ರೆ ಅವನಿಗೆ ಬೇಡ ಅಂತೀನಿ."

ಈ ಸಲ ಕೈಲಿ ರೊಟ್ಟಿ ಇರ್ಲಿಲ್ಲ.

ಇರುಪೆ ದೋಣಿಗಿಳಿದ್ಳು. ಪಂಪು, ಪೈಪು, ಎಣ್ಣೆ ಡಬ್ಬಿ ಎಲ್ಲಾ ಒರೆಸಿದ್ಳು. ಮೇಲೆಲ್ಲಾ ಪೌಡರ್ ಉದುರಿಸಿದ್ಳು, ಮುಖಕ್ಕೆ ಹಾಕೋ ಬಿಳಿ ಪೌಡರ್ರೇ! ಎಲ್ಲಿ ಒಂದು ಹನಿ ಜಿನುಗಿದ್ರೂ ಅಲ್ಲೇ ಕೆಂಪು ಗೆರೆ ಎದ್ದು ಕಾಣುತ್ತೆ.

"ಈಗ ಕಾಯ್ಬೇಕು."

"ಕಾಯೋಣ."

ಕಟ್ಟೆ ಮೇಲೆ ಇಬ್ಬರೂ ಕೂತ್ರು, ಮಧ್ಯೆ ಒಂದು ಮಾರು ಜಾಗ. ಅವಳು ಮಾಟೆ ಅನ್ನೋ ಕಹಿ ಎಲೆಚಹಾ ತುಂಬಿದ ಸೋರೆಬುರುಡೆಗೆ ಬಿಸಿನೀರು ಹಾಕಿ ಕೊಟ್ಳು. ಅವನು ಹೀರಿ ವಾಪಸ್ ಕೊಟ್ಟ. ತಿಂಗಳಿಂದ ಆ ಬುರುಡೆ ಅವಳ ಕೈಬಿಟ್ಟು ಇನ್ನೊಂದು ಕೈಗೆ ಹೋಗೇ ಇರ್ಲಿಲ್ಲ...

"ರೊಸಾರಿಯೊದಲ್ಲಿ ಏನ್ ಮಾಡ್ತೀಯ?"

"ಗೊತ್ತಿಲ್ಲ." ಅವಳು ಮತ್ತೆ ತುಂಬಿಸಿಕೊಟ್ಟ ಬುರುಡೆಯನ್ನ ಅವನು ಕೈಲಿ ತಿರುಗಿಸಿದ. "ದಿನಾ ಐವತ್ತು ಜನರನ್ನ ಅವರವರ ಮನೆ ಕಟ್ಟೆಗೆ ಬಿಡ್ತೀನಿ ಇರುಪೆ. ಒಬ್ಬೊಬ್ಬರಿಗೂ ಯಾರೋ ಕಾಯ್ತಾ ನಿಂತಿರ್ತಾರೆ. ನಾಯಿನಾದ್ರೂ ಇರುತ್ತೆ! ಸಂಜೆ ನನ್ನ ಕಟ್ಟೆಗೆ ಹೋದ್ರೆ... ಯಾರೂ ಇರಲ್ಲ."

*ನಾನಿದ್ದೀನಲ್ಲೋ!* ಆದ್ರೆ ಅವಳ ಬಾಯಿಂದ ಬಂದಿದ್ದು, "ನೀರು ಆರ್ತಿದೆ, ಬೇಗ ಕುಡಿ."

ಮೂರು ಗಂಟೆ ಕಳೀತು. ಪೌಡರ್ ಹಾಕಿದ ಹಾಗೇ ಇದೆ, ಒಂದೇ ಒಂದು ಗೆರೆ ಇಲ್ಲ!

"ಇಲ್ಲಿಗೆ ಬಂದ್ರೆ ಸೋರಲ್ಲ, ಮನೆಗೆ ಹೋದ್ರೆ ಸೋರುತ್ತೆ. ಇದಕ್ಕೂ ನಿನ್ನ ಕಂಡ್ರೆ ಭಯ," ಅಂತ ಅವನು ನಕ್ಕ. ಎಂಥಾ ಸಪ್ಪೆ ನಗು! "ಬಿಡು, ಹೊರಡ್ತೀನಿ."

ದೋಣಿಗಿಳಿದವನು ಅಭ್ಯಾಸಬಲದಿಂದ ಗುಂಡಿ ಒತ್ತಿದ. ಕಾಲು ಗೊಂಯ್ ಅಂತ ನೀರಿಂದ ಮೇಲೆದ್ದಿತು. ಎಣ್ಣೆ ಡಬ್ಬಿ ಮುಚ್ಚಳ ತೆಗೆದು ನೋಡಿದ.

"ನೋಡು, ಕಮ್ಮಿ ಆಗಿದೆ!" ಅಂತ ಬಾಟಲಿ ಎತ್ತಿ ಸುರಿಯೋಕೆ ಶುರು ಮಾಡಿದ.

ಇರುಪೆ ಕಲ್ಲಾಗಿ ನಿಂತ್ಳು.

ಕಾಲು ಎತ್ತಿದಾಗ ಡಬ್ಬಿಯ ಎಣ್ಣೆ ಅದನ್ನ ಎತ್ತೋಕೆ ಹೋಗಿರುತ್ತೆ. ಆಗ ಕಮ್ಮಿ ಕಾಣಲೇಬೇಕು! ಕಾಲು ಇಳಿಸಿದ್ರೆ ಎಲ್ಲಾ ವಾಪಸ್ ಬರುತ್ತೆ. ಆಗ ಹೆಚ್ಚಿಗೆ ಸುರಿದಿದ್ದು ಎಲ್ಲಿಗೆ ಹೋಗ್ಬೇಕು?

ಸೋರಿಕೆನೇ ಇಲ್ಲ. ದೋಣಿ ಚೆನ್ನಾಗೇ ಇದೆ.

*ಹೇಳಿದ್ರೆ ನಾಳೆ ಎಂಟಕ್ಕೆ ದೋಣಿ ಹೋಗುತ್ತೆ. ಅವನೂ ಹೋಗ್ತಾನೆ. ಸುಮ್ಮನಿದ್ರೆ...*

ಸುಮ್ಮನಿದ್ರೆ ಅವನು ಇಲ್ಲೇ ಇರ್ತಾನೆ! ಒಂದು ಕ್ಷಣ... ಒಂದೇ ಒಂದು ಕ್ಷಣ ಅವಳು ತುಟಿ ಕಚ್ಚಿ ನಿಂತ್ಳು.

"ದಿನಾ ಹೀಗೇ ತುಂಬಿಸ್ತೀಯಾ? ಕಾಲು ಎತ್ತಿಟ್ಟು?"

"ಇನ್ನೇನು? ನಮ್ಮ ಕಟ್ಟೆ ಹತ್ರ ಬೆಳಿಗ್ಗೆ ನದಿ ಇಳಿದು ನೀರೇ ಇರಲ್ಲ. ಇಳಿಸಿದ್ರೆ ಕೆಸರಲ್ಲಿ ಹೂತೋಗುತ್ತೆ. ದಿನಾ ನೋಡು, ಕಮ್ಮಿ ಇದ್ರೆ ತುಂಬಿಸು ಅಂತ ನೀನೇ ಅಲ್ವಾ ಹೇಳಿದ್ದು?"

"ಕಾಲು ಇಳಿಸಿ ನೋಡು ಅಂತ ಹೇಳಲಿಲ್ಲ ಕಣೋ ನಾನು..." ಅವಳ ಕಣ್ಣು ತುಂಬಿತ್ತು. "ಈಗ ಇಳಿಸು."

ಇಳಿಸಿದ. ಡಬ್ಬಿ ಬಾಯಿಂದ ಕೆಂಪು ಎಣ್ಣೆ ಉಕ್ಕಿ ಬಂದು ಬಿಳಿ ಪೌಡರ್ ಮೇಲೆ ಸರ್ರನೆ ಗೆರೆ ಎಳೀತು.

"ಇಷ್ಟೇ! ತಪ್ಪು ನಂದೇ. ನಾಲ್ಕು ಸಲ ಮಿಷಿನ್ ಬಿಚ್ಚಿದೆ, ಎಣ್ಣೆ ಹೇಗೆ ತುಂಬಿಸ್ತೀಯ ಅಂತ ಒಂದ್ಸಲನೂ ನಿನ್ನ ಕೇಳ್ಲಿಲ್ಲ. ಗಿರಾಕಿಗೆ ಧೈರ್ಯವಾಗಿ ಹೇಳು, ದೋಣಿ ಚಿನ್ನದಂಥದ್ದು ಅಂತ."

ಬರ್ನಾಬೆ ಆ ಗೆರೆಯನ್ನೇ ನೋಡ್ತಾ ನಿಂತ. "ಹಾಗಾದ್ರೆ... ಇನ್ನು ಇಲ್ಲಿಗೆ ಬರೋ ಕೆಲಸ ಇಲ್ಲ."

"ಇಲ್ಲ."

"ಸರಿ." ಹಗ್ಗ ಬಿಚ್ಚೋಕೆ ಬಗ್ಗಿದ.

"ಕೆಲಸ ಇಲ್ಲದಿದ್ರೂ ಬಾರೋ!"

ಅವನ ಕೈ ಹಗ್ಗದ ಮೇಲೇ ನಿಂತುಹೋಯ್ತು.

"ಬರಬೇಡ ಅಂದಿದ್ದು ನಿನಗಲ್ಲ, ದೋಣಿಗೆ! ತಿಂಗಳಿಂದ ಯಾವ ಇಂಜಿನ್ ಸದ್ದು ಕೇಳಿದ್ರೂ ಎದ್ದು ನೋಡ್ತೀನಿ. ಒಬ್ಬಳೇ ಮಾಟೆ ಕುಡಿದೂ ಕುಡಿದೂ ಸಾಕಾಗಿದೆ. ನೀನಂದ್ರೆ ನನಗಿಷ್ಟ ಕಣೋ ಪೆದ್ದ!"

ಅವನು ಹಗ್ಗ ಮತ್ತೆ ಬಿಗಿಯಾಗಿ ಕಟ್ಟಿದ. ಎರಡು ಗಂಟು!

"ನೀನೇ ಬೇಡ ಅಂದ್ಮೇಲೆ ಈ ನದೀಲಿ ನನಗ್ಯಾರಿದ್ದಾರೆ ಅಂತ ಮಾರೋಕೆ ಹೊರಟೆ ಇರುಪೆ. ಎಣ್ಣೆಗಲ್ಲ."

"ಗಿರಾಕಿ?"

"ಎಂಟಕ್ಕೆ ಬರ್ತಾನಲ್ಲ, ಮಾರಲ್ಲ ಅಂತೀನಿ."

"ನಾನು ಏಳಕ್ಕೇ ಬರ್ತೀನಿ. ನಿನ್ನ ಕಟ್ಟೆಗೆ."

"ಏಳಕ್ಕಾ? ಆಗ ನೀರಿರಲ್ಲ ಅಂದೆನಲ್ಲ, ದೋಣಿ ದಡಕ್ಕೆ ಬರಲ್ಲ!"

"ಕೆಸರಲ್ಲಿ ನಡ್ಕೊಂಡು ಬರ್ತೀನಿ."

"ಬೂಟು ಹಾಳಾಗುತ್ತೆ."

"ಆಗ್ಲಿ. ನೀನು ಕಟ್ಟೆ ಮೇಲೆ ಕಾಯ್ತಾ ನಿಂತಿರ್ತೀಯಾ?"

"ಆರಕ್ಕೇ ನಿಂತಿರ್ತೀನಿ... ರೊಟ್ಟಿ ಕರಿದಿಟ್ಟು."