ದುಃಖದ ಮನೆಯಲ್ಲಿ ಸೋಬಾನ

"ನಿಲ್ಲಸ್ರಿ ಅದನ್ನ! ಅಪ್ಪ ಸತ್ತು ವರ್ಷ ತುಂಬಿಲ್ಲ, ಈ ಮನ್ಯಾಗ ಸೋಬಾನ ಹಾಡಸ್ತೀರಿ?"

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನಬಸಪ್ಪ ಬಾಗಿಲಲ್ಲೇ ಗುಡುಗಿದ. ಒಳಗಿದ್ದ ಮನಶ್ಶಾಸ್ತ್ರಜ್ಞೆ ಮಂದಾಕಿನಿ ಬೆಚ್ಚಿದಳು. ಆದರೂ ಟೇಪ್ ರಿಕಾರ್ಡರ್ ಆಫ್ ಮಾಡಲಿಲ್ಲ, ಹಟಮಾರಿ!

ಎದುರಿಗೆ ಅವನ ತಾಯಿ ಗುಡ್ಡವ್ವ. ಲಕ್ವಾ ಹೊಡೆದ ಮೇಲೆ ಆಕೆಗೆ ಒಂದು ಮಾತೂ ಹೊರಡುತ್ತಿರಲಿಲ್ಲ. ಈಗ ಟೇಪಿನ ಜೊತೆ ಆಕೆಯ ಬಾಯಿಂದ ಮದುವೆಯ ಹಾಡು ಸರಾಗವಾಗಿ ಹರಿಯುತ್ತಿತ್ತು! ಓಣಿಯ ಮದುವೆಗಳಲ್ಲೆಲ್ಲ ಸೋಬಾನ ಎತ್ತಿಕೊಳ್ಳುತ್ತಿದ್ದವಳೇ ಆಕೆ.

"ಮೆದುಳಿನಾಗ ಮಾತಿನ ಜಾಗಕ್ಕ ಪೆಟ್ಟಾಗೇತ್ರಿ. ಹಾಡಿನ ದಾರಿ ಬ್ಯಾರೇ. ಆ ದಾರೀಲೆ ಮಾತು ತರಬೇಕಂತೇನಿ."

"ನಿಮಗ ಬೇಕಾದದ್ದು ಡಾಕ್ಟರೇಟು! ನಮ್ಮವ್ವ ಏನು ಪ್ರಯೋಗದ ಇಲಿನ? ಓಣಿ ಮಂದಿ ನಗಾಕತ್ತಾರ. ಏಳ್ರಿ ಮ್ಯಾಲೆ!"

ಹಾವೇರಿಯ ಡಾಕ್ಟರು ಹೇಳಿಕಳಿಸಿದ್ದಕ್ಕೆ ಬಂದಿದ್ದಳು ಅವಳು, ಈ ವಿಷಯದಲ್ಲೇ ಡಾಕ್ಟರೇಟಿಗೆ ಸಂಶೋಧನೆ ಮಾಡುತ್ತಿದ್ದವಳು. ತನ್ನೂರು ರಾಣೆಬೆನ್ನೂರಿನ ಬಸ್ಸು ಹತ್ತಿದಾಗ ಸಿಟ್ಟಿನಲ್ಲಿ ಕಣ್ಣೀರೇ ಬಂತು. 'ಒರಟ! ಆದರೆ... ಸಂಶೋಧನೆಯ ಹುರುಪಿನಲ್ಲಿ ಆ ಮನೆಯ ದುಃಖ ಮರೆತವಳು ನಾನೇ ಅಲ್ಲವೆ?'

ಮರುದಿನ ಮತ್ತೆ ಅವನ ಬಾಗಿಲಿಗೆ ಹೋದಳು.

"ತಪ್ಪಾತ್ರಿ. ಸೋಬಾನ ಬ್ಯಾಡ, ಧಾಟಿ ಅಷ್ಟ ಸಾಕು. ಆ ಧಾಟಿಗೆ ದಿನದ ಮಾತು ಕೂಡಸ್ತೇನಿ."

"ಮಾತು ಬರಲಿಲ್ಲಂದ್ರ?"

"ಮತ್ತ ನಿಮಗ ಮಾರಿ ತೋರಸಂಗಿಲ್ಲ."

ಅವನು ದಾರಿ ಬಿಟ್ಟ, ಒಲ್ಲದ ಮನಸ್ಸಿನಿಂದ.

ದಿನವೂ ಅವಳು ಗುಡ್ಡವ್ವನ ಎಡಗೈ ಹಿಡಿದು ತಾಳ ತಟ್ಟಿಸುತ್ತಾ 'ನೀರು ಕೊಡು' ಎಂದು ರಾಗವಾಗಿ ಹೇಳಿಕೊಟ್ಟಳು. ದಿನವೂ ಅವನು ಕುಟುಕಿದ.

"ಇಷ್ಟು ಗಿಳೀಗೂ ಕಲಸಬಹುದಲ್ರಿ!"

"ಗಿಳೀಗೆ ಕಲಸಬಹುದು. ನಿಮಗ ಕಲಸೂದು ಕಷ್ಟ!"

ಹಾವು ಮುಂಗುಸಿ ಜಗಳ! ಆದರೂ ಬಸ್ಸು ತಡವಾದ ದಿನ ಅವನು ಓಣಿಯ ತುದಿಯಲ್ಲಿ ನಿಂತಿರುತ್ತಿದ್ದ. ಅದನ್ನು ಕಂಡಾಗ ಅವಳ ಎದೆ ಡವಡವಗುಟ್ಟುತ್ತಿತ್ತು, ಆದರೆ ಒಪ್ಪಿಕೊಳ್ಳುವ ಪೈಕಿ ಅವಳಲ್ಲ.

ತಿಂಗಳಾದರೂ ಗುಡ್ಡವ್ವನಿಂದ ತಾನಾಗಿ ಒಂದು ಮಾತೂ ಹೊರಡಲಿಲ್ಲ. ಚನ್ನಬಸಪ್ಪನ ತಾಳ್ಮೆ ಕೆಟ್ಟಿತು.

"ಸಾಕ್ರಿ! ಇಲ್ಲದ ಆಸೆ ಹುಟ್ಟಿಸಿ ನಮ್ಮವ್ವನ ಜೀವ ತಿಂದ್ರಿ. ನಾಳಿಂದ ಬರಬ್ಯಾಡ್ರಿ!"

ಅವಳು ಚೀಲ ಎತ್ತಿಕೊಂಡು ಎದ್ದಳು. ಕಣ್ಣು ತುಂಬಿತ್ತು. ಸೋತಿದ್ದಳು.

ಆಗ ಮಂಚದ ಮೇಲೆ ಎಡಗೈ ತಾಳ ತಟ್ಟಿತು. ತೊದಲು ರಾಗ ಹೊರಟಿತು.

"ಬಸ್ಯಾ... ಬೈ... ಬೈಬ್ಯಾಡೋ... ಆಕೀನ್ನ..."

ಇಬ್ಬರೂ ಮಂಚದ ಕಡೆ ತಿರುಗಿದರು. ಈ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ!

ಚನ್ನಬಸಪ್ಪ ತಾಯಿಯ ಮಡಿಲಲ್ಲಿ ಮುಖವಿಟ್ಟು ಮಗುವಿನಂತೆ ಅತ್ತ. ಆಮೇಲೆ ತಲೆ ಎತ್ತದೆಯೇ ಕೇಳಿದ.

"ನಾಳೆ... ಬರ್ತೀರಲ್ಲ?"

"ಯಾಕ? ಬೈಸಿಕೊಳ್ಳಾಕ?"

"ಇಲ್ರಿ... ಇಲ್ಲೇ ಇರಾಕ."

ಅವಳು ಚೀಲವನ್ನು ಮತ್ತೆ ಕೆಳಗಿಟ್ಟಳು.

"ನಾನೂ ತಿರುಗಿ ಬೈಯಾಕಿ, ನೋಡ್ರಿ."

"ಗೊತ್ತೈತಿ... ಅದಕ್ಕ ಕೇಳಾಕತ್ತೇನಿ."